ಪ್ರಸಾದ ನಿಲಯದ ಕಿಟಕಿ ಕಳುವಾದದ್ದು

ಬೀಗರು ಬರುತ್ತಾರೆ ಎಂದರೆ ಮನೆಯನ್ನು ಹೇಗೆ ಅಣಿಗೊಳಿಸಬೇಕು ಎಂಬ ವಿದ್ಯೆಯಲ್ಲಿ ಚನ್ನಯ್ಯನವರನ್ನು ಮೀರಿಸುವವರು ಗೋಕುಲ ರಸ್ತೆಯ ಆಚೆ ಈಚೆ ಯಾರೂ ಇರಲಿಲ್ಲ. ಹರಿದ ಗಾದಿಯ ಮೇಲೆ ಕಸೂತಿಯ ಹೊದಿಕೆ, ಕಾಲು ಮುರಿದ ಕುರ್ಚಿಯ ಮೇಲೆ ಮನೆಯಲ್ಲೇ ಅತಿ ಹಗುರಾದ ಮನುಷ್ಯ, ನೆರೆಮನೆಯಿಂದ ಕಡ ತಂದ ಸ್ಟೀಲಿನ ತಾಟು. ಇಷ್ಟರಲ್ಲೇ ಅವರು ಮೂವರು ತಂಗಿಯರ ಲಗ್ನ ಮಾಡಿ ಮುಗಿಸಿದ್ದರು. ಅದೇ ವಿದ್ಯೆಯ ಬಲದ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಪ್ರಸಾದ ನಿಲಯದ ಮೇಲ್ವಿಚಾರಣೆಯನ್ನೂ ಮಾಡಿಕೊಂಡು ಬಂದಿದ್ದರು.

ಪ್ರಸಾದ ನಿಲಯವೆಂದರೆ ಹಳ್ಳಿಗಳಿಂದ ಓದಲು ಬಂದ ಅರವತ್ತು ಹುಡುಗರಿಗೆ ಊಟ, ವಸತಿ ಕೊಡುವ ಎರಡಂತಸ್ತಿನ ಹಳೆಯ ಕಟ್ಟಡ. ಇದನ್ನು ನಡೆಸುವ ಟ್ರಸ್ಟಿಗೆ ಇಂಥವು ಮೂರು: ಹುಬ್ಬಳ್ಳಿಯಲ್ಲಿ ಇದೊಂದು, ಧಾರವಾಡದಲ್ಲಿ ಒಂದು, ಉಪ್ಪಿನಬೆಟಗೇರಿಯಲ್ಲಿ ಒಂದು. ಹುಬ್ಬಳ್ಳಿಯ ಕಟ್ಟಡದ ರೋಗವೆಲ್ಲ ಅಡುಗೆಮನೆಯ ಪಶ್ಚಿಮದ ಗೋಡೆಯಲ್ಲಿ ಕೂಡಿಕೊಂಡಿತ್ತು. ಮೇಲಿನ ಬಚ್ಚಲದ ನೀರು ಅದರೊಳಗೆ ಇಂಗಿ ಇಂಗಿ ಗಿಲಾವು ಹಪ್ಪಳದಂತೆ ಉಬ್ಬಿ ನಿಂತಿತ್ತು. ಕೋಣೆಗೆ ಕಿಟಕಿ ಇಲ್ಲ. ಹೊಗೆ, ಹಸಿ, ಕತ್ತಲೆ ಮೂರೂ ಅಲ್ಲೇ ಸಂಸಾರ ಹೂಡಿದ್ದವು. ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ದಿನಕ್ಕೆ ಮುನ್ನೂರು ರೊಟ್ಟಿ ಬಡಿಯುವ ಬಾಳವ್ವ ಆ ಗೋಡೆಗೆ ಹೆದರಿ ತನ್ನ ಒಲೆಯನ್ನು ಮೂರು ಸಲ ಈಚೆ ಸರಿಸಿದ್ದಳು. ಇನ್ನು ಸರಿಸಿದರೆ ಒಲೆ ಪಡಸಾಲೆಗೆ ಬರಬೇಕು.

ಈ ಗೋಡೆಯ ಸಲುವಾಗಿ ಚನ್ನಯ್ಯನವರು ಹನ್ನೊಂದು ಅರ್ಜಿ ಬರೆದಿದ್ದರು. ಪ್ರತಿ ಅರ್ಜಿಗೂ ಟ್ರಸ್ಟಿನ ಕಮಿಟಿಯವರು ನೋಡಲು ಬರುತ್ತಿದ್ದರು. ಪ್ರತಿ ಸಲ ಅವರು ಬರುವ ಮೊದಲು, ಬರುವವರಿಗೆ ಅಸಹ್ಯ ಕಾಣಬಾರದೆಂದು, ಚನ್ನಯ್ಯನವರು ಆ ಗೋಡೆಗೆ ಶುಭ್ರವಾದ ಚಾದರ ಕಟ್ಟಿಸುತ್ತಿದ್ದರು. ಕಮಿಟಿಯವರು ಚಹಾ ಕುಡಿದು, "ಛಲೋ ಇಟ್ಟೀರಿ" ಎಂದು ಹೇಳಿ ಹೋಗುತ್ತಿದ್ದರು. ರಿಪೇರಿ ಏಕೆ ಆಗುತ್ತಿಲ್ಲವೆಂಬುದು ಚನ್ನಯ್ಯನವರಿಗೆ ಇಪ್ಪತ್ತೆರಡು ವರ್ಷವೂ ಬಿಡಿಸಲಾಗದ ಒಗಟಾಗಿತ್ತು.

ಶ್ರಾವಣ ಮುಗಿದ ಮೇಲೆ ನಡೆದ ಸಭೆಯಲ್ಲಿ ಟ್ರಸ್ಟಿನ ಕಾರ್ಯದರ್ಶಿ ಕುಮಾರಸ್ವಾಮಿಯವರು ಎದ್ದು ನಿಂತರು. ಅರಳೆಯ ವ್ಯಾಪಾರಿ. ಅರಳೆಯನ್ನು ಬೆರಳಲ್ಲಿ ಹಿಂಜಿ ನೋಡಿ ಅದು ಯಾವ ಊರಿನದೆಂದು ಹೇಳಬಲ್ಲವರು. ಆದರೆ ಗಾಜಿನ ಮೇಲೆ ಬೆರಳಾಡಿಸುವ ಯಾವ ಯಂತ್ರವನ್ನು ಕಂಡರೂ ಅವರಿಗೆ ಅಪಾರ ಭಕ್ತಿ. ಈ ಸಲ ರಿಪೇರಿಯ ನಿರ್ಧಾರ ಮನುಷ್ಯರದಲ್ಲ ಎಂದು ಅವರು ಸಾರಿದರು. ಕ್ಯಾಮೆರಾ ಬರುತ್ತದೆ, ಮೂರೂ ಕಟ್ಟಡಗಳ ಮೂಲೆ ಮೂಲೆಯ ಫೋಟೋ ತೆಗೆಯುತ್ತದೆ. ಕಂಪ್ಯೂಟರು ಆ ಫೋಟೋಗಳಲ್ಲಿ ಬಾಗಿಲು ಯಾವುದು, ಬಿರುಕು ಯಾವುದು, ಹಸಿ ಯಾವುದು ಎಂದು ತಾನೇ ಗುರುತು ಹಿಡಿದು, ಅಂಥದೇ ಇನ್ನೊಂದು ಕಟ್ಟಡವನ್ನು ತನ್ನ ಹೊಟ್ಟೆಯೊಳಗೆ ಕಟ್ಟಿಕೊಂಡು, ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತದೆ. ಯಾರ ಅಂಕ ಕಡಿಮೆಯೋ ಅವರಿಗೆ ಮೊದಲು ರಿಪೇರಿ.

ಈ ಕೊನೆಯ ವಾಕ್ಯ ಚನ್ನಯ್ಯನವರಿಗೆ ದಕ್ಕಲಿಲ್ಲ. ಆ ಹೊತ್ತಿಗೆ ಅವರು ಉಪ್ಪಿಟ್ಟು ಎಲ್ಲರಿಗೂ ಸಾಲುತ್ತದೆಯೇ ಎಂದು ನೋಡಲು ಒಳಗೆ ಹೋಗಿದ್ದರು. ಜಗತ್ತಿನಲ್ಲಿ ಎಷ್ಟೋ ಅನಾಹುತಗಳು ಹೀಗೆ ಉಪ್ಪಿಟ್ಟಿನ ಸಲುವಾಗಿಯೇ ಆಗಿವೆ. ಇತಿಹಾಸ ಬರೆಯುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮನೆಗೆ ಬಂದವರೇ ಹೆಂಡತಿ ದಾಕ್ಷಾಯಿಣಿಗೆ ಹೇಳಿದರು: "ಕಟ್ಟಡಕ್ಕ ಮಾರ್ಕ್ಸ ಕೊಡ್ತಾರಂತ. ನೂರಕ್ಕ ತೊಂಬತ್ತರ ಮ್ಯಾಲೆ ತಗೊಂಡ್ರ ಕಮಿಟಿಯವರು ಖುಷಿಯಾಗಿ ಅಡಗಿಮನಿ ಗ್ವಾಡಿ ಮಾಡಿ ಕೊಡ್ತಾರ."

"ಹಂಗಂತ ಅಂದ್ರೇನು ಅವರು?"

"ಅನ್ನೂದ್ಯಾಕ ಬೇಕು? ಛಲೋ ಓದಿದ ಹುಡುಗಗ ಯಾರರ ಬಹುಮಾನ ಕೊಡದ ಇರ್ತಾರೇನು? ಅದಕ್ಕ ನಮ್ಮ ಸೀನರಿ ಒಂದೆರಡು ದಿನ ಬೇಕು."

ಸೀನರಿ ಎಂದರೆ ಅವರ ಪಡಸಾಲೆಯ ಶೋಭೆ. ದಾಕ್ಷಾಯಿಣಿಯ ಅಣ್ಣ ಗೃಹಪ್ರವೇಶಕ್ಕೆ ಕೊಟ್ಟದ್ದು. ನಾಲ್ಕು ಅಡಿ ಎತ್ತರದ ಚಿತ್ರ: ಹಿಮದ ಬೆಟ್ಟ, ಕೆಳಗೆ ಹಸಿರು ಬಯಲು, ಮೇಲೆ ನೀಲಿ ಆಕಾಶ. ಅಷ್ಟು ದೊಡ್ಡ ಗಾಜು ಸಿಗದ ಕಾರಣ ಕಟ್ಟು ಹಾಕಿದವನು ನಾಲ್ಕು ತುಂಡು ಗಾಜನ್ನು ಜೋಡಿಸಿ ನಡುವೆ ಕಟ್ಟಿಗೆಯ ಅಡ್ಡಪಟ್ಟಿ ಹೊಡೆದಿದ್ದ. ದಾಕ್ಷಾಯಿಣಿ ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಕೊಟ್ಟಳು.

ಸೀನರಿಯನ್ನು ಉಬ್ಬಿದ ಗೋಡೆಗೆ ತೂಗುಹಾಕಿದ್ದಾಯಿತು. ಬಿರುಕುಗಳ ಮೇಲೆ ಶರಣರ ಪಟಗಳು ಬಂದವು. ಬಿರುಕು ಜಾಸ್ತಿಯಿದ್ದುದರಿಂದ ಕೆಲವು ಶರಣರು ಎರಡೆರಡು ಕಡೆ ಬಂದರು. ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ಅಂಗಡಿ ಇಟ್ಟಿದ್ದ ಅಸ್ಫಾಕನಿಂದ ಆರು ಸಿಲಿಂಡರು ಕಡ ಬಂದವು.

"ಅಯ್ಯನವರ, ಮಾರೂ ಮಾಲದ. ಗೀರು ಬೀಳಬಾರದು ನೋಡ್ರಿ" ಎಂದ ಅಸ್ಫಾಕ.

"ಗೀರು ಹೆಂಗ ಬೀಳತೈತಪಾ? ಬರೇ ಫೋಟೋಕ್ಕ ನಿಲ್ಲತಾವು."

ಗುರುವಾರ ಕ್ಯಾಮೆರಾ ಬಂತು. ಅದನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದವಳು ಋತುಜಾ ಎಂಬ ತರುಣ ಇಂಜಿನಿಯರು, ಧಾರವಾಡದ ಹುಡುಗಿ. ಮೊದಲ ಮಾತಿಗೇ ಹೇಳಿದಳು: "ಕಾಕಾ, ನಮ್ಮ ಸಲುವಾಗಿ ಏನೂ ಮಾಡಬ್ಯಾಡ್ರಿ. ಇದ್ದದ್ದು ಇದ್ದಂಗ ಇರಲಿ, ಅಷ್ಟ ಸಾಕು."

ಈ ಮಾತನ್ನು ಚನ್ನಯ್ಯನವರು ಜೀವಮಾನವಿಡೀ ಕೇಳುತ್ತ ಬಂದಿದ್ದರು. ಬಂದ ಬೀಗರೆಲ್ಲ ಹೊಸ್ತಿಲಲ್ಲಿ ಇದನ್ನೇ ಹೇಳುತ್ತಾರೆ: ಏನೂ ಮಾಡಬ್ಯಾಡ್ರಿ, ಬರೇ ಒಂದೀಟು ಚಹಾ ಸಾಕು. ಅದನ್ನು ನಂಬಿ ಬರೀ ಚಹಾ ಕೊಟ್ಟವನ ಮನೆಯ ಹೆಣ್ಣಿಗೆ ಈ ಸೀಮೆಯಲ್ಲಿ ಲಗ್ನವಾದದ್ದಿಲ್ಲ. ಹುಡುಗಿ ಸಂಸ್ಕಾರವಂತೆ ಎಂದು ಚನ್ನಯ್ಯನವರಿಗೆ ಸಂತೋಷವಾಯಿತು. ಅವಳು ಪಡಸಾಲೆ ಮುಗಿಸುವಷ್ಟರಲ್ಲಿ ಒಳಗೆ ಓಡಿ, ಊಟದ ಮನೆಯ ಸೋರುವ ನಲ್ಲಿಗೆ ಮಲ್ಲಿಗೆಯ ಮಾಲೆ ಸುತ್ತಿ ಬಂದರು.

ಅಡುಗೆಮನೆಯಲ್ಲಿ ಋತುಜಾ ಕೋಲು ಹಿಡಿದು ನಿಂತಾಗ ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಯಿ ತೆರೆದಳು.

"ಆ ಗ್ವಾಡಿ ನೋಡವಾ ತಂಗಿ, ಅದರ ಹಿಂದ..."

"ಬಾಳವ್ವಾ, ರೊಟ್ಟಿ ಸೀಯಾಕತ್ತೈತಿ" ಎಂದರು ಚನ್ನಯ್ಯನವರು. ಹಂಚಿನ ಮೇಲೆ ರೊಟ್ಟಿಯೇ ಇರಲಿಲ್ಲ.

ವಾರ ಕಳೆದು ಫಲಿತಾಂಶ ಬಂತು. ಉಪ್ಪಿನಬೆಟಗೇರಿ ಅರವತ್ತೆರಡು. ಧಾರವಾಡ ನಲವತ್ತೊಂದು. ಹುಬ್ಬಳ್ಳಿ ತೊಂಬತ್ತನಾಲ್ಕು. ಕುಮಾರಸ್ವಾಮಿಯವರು ಧಾರವಾಡದ ಒಂದು ದೊಡ್ಡ ಸಮಾರಂಭದಲ್ಲಿ ಈ ತೊಂಬತ್ತನಾಲ್ಕನ್ನು ಓದಿ ಹೇಳಿ ಶಾಲು ಹೊದಿಸಿಕೊಂಡರು. ಮರುದಿನ ಅದಕ್ಕಿಂತ ಸ್ವಲ್ಪ ಚಿಕ್ಕ ಶಾಲನ್ನು ಚನ್ನಯ್ಯನವರಿಗೆ ಹೊದಿಸಿ, ಪೇಢೆಯ ಜೊತೆ ಒಂದು ಪತ್ರ ಕೊಟ್ಟರು. ಚನ್ನಯ್ಯನವರು ಪೇಢೆಯನ್ನು ಬಾಯಿಗೆ ಹಾಕಿಕೊಂಡು ಪತ್ರ ಓದಿದರು. ಕಟ್ಟಡವು ಅತ್ಯುತ್ತಮ ಸ್ಥಿತಿಯಲ್ಲಿರುವುದರಿಂದ ಮುಂದಿನ ಮೂರು ವರ್ಷ ಇಲ್ಲಿ ಯಾವ ರಿಪೇರಿಯೂ ಅವಶ್ಯವಿಲ್ಲ ಎಂದಿತ್ತು. ಪೇಢೆ ನುಂಗಲಾರದ ತುತ್ತಾಯಿತು.

ಸಂಜೆ ಧಾರವಾಡದ ಕಟ್ಟಡ ನೋಡಿಕೊಳ್ಳುವ ಯಂಕಣ್ಣ ಫೋನು ಮಾಡಿದ. ಯಂಕಣ್ಣನ ಸೋಮಾರಿತನ ಎರಡೂ ಊರಿಗೆ ಗೊತ್ತಿದ್ದದ್ದು.

"ಅಯ್ಯನವರ, ಗೌಂಡ್ಯಾರು ಬಂದಾರ್ರೀ. ಹೊಸಾ ಪೈಪು, ಹೊಸಾ ಗಿಲಾವು, ಬಚ್ಚಲಕ್ಕ ಟೈಲ್ಸ. ನೀವೇನೇನ ಮಾಡಿಸಾಕತ್ತೀರಿ?"

"ನೀ ಏನ ತಯಾರಿ ಮಾಡಿದ್ದೋ ಯಂಕಣ್ಣಾ, ಕ್ಯಾಮೆರಾ ಬಂದಾಗ?"

"ನಾ ಎಲ್ಲಿ ತಯಾರಿ ಮಾಡ್ಲಿ? ಮಲ್ಕೊಂಡಿದ್ನಿ. ಫೋಟೋದಾಗ ನಾನೂ ಬಂದೇನಂತ."

ದುಡಿದವನಿಗೆ ಶಾಲು, ಮಲಗಿದವನಿಗೆ ಟೈಲ್ಸು. ಚನ್ನಯ್ಯನವರು ಇದನ್ನು ಬಾಳವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ಹೇಳಲೇ ಇಲ್ಲ.

ಕಂಪ್ಯೂಟರು ಅಷ್ಟಕ್ಕೇ ಸುಮ್ಮನಾಗುವ ಜಾತಿಯದಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದು ಚನ್ನಯ್ಯನವರ ಮೊಬೈಲಿಗೆ ಕೆಲಸದ ಪಟ್ಟಿ ಕಳಿಸತೊಡಗಿತು. ಪ್ರತಿ ಕೋಣೆಯ ಹೊಸ ಫೋಟೋ ಬೇಕು. ತಾನು ಕಂಡದ್ದೆಲ್ಲ ಕಂಡಲ್ಲಿಯೇ ಇದೆಯೇ ಎಂದು ಅದು ತಾಳೆ ನೋಡಬೇಕು. ಆದ್ದರಿಂದ ಸೀನರಿ ಗೋಡೆಯಿಂದ ಇಳಿಯಲಿಲ್ಲ; ಪ್ರತಿ ಸೋಮವಾರ ಅಸ್ಫಾಕನ ಅಂಗಡಿಯಿಂದ ಆರು ಕೆಂಪು ಸಿಲಿಂಡರುಗಳು ಕೈಗಾಡಿಯಲ್ಲಿ ಬಂದು, ಫೋಟೋಕ್ಕೆ ನಿಂತು, ಹನ್ನೊಂದರೊಳಗೆ ಹಿಂದಿರುಗುತ್ತಿದ್ದವು. ಓಣಿಯ ಜನ ಇದು ಯಾವುದೋ ಹೊಸ ವ್ರತವಿರಬೇಕೆಂದುಕೊಂಡರು. ಒಬ್ಬಾಕೆ ಕೈಗಾಡಿಗೆ ಕೈ ಮುಗಿದದ್ದೂ ಉಂಟು.

ಪಟ್ಟಿಯಲ್ಲಿ ಒಂದು ಕೆಲಸ ಮಾತ್ರ ಚನ್ನಯ್ಯನವರಿಗೆ ಅರ್ಥವಾಗಲಿಲ್ಲ. 'ಅಡುಗೆಮನೆ, ಪಶ್ಚಿಮ ಗೋಡೆ: ಕಿಟಕಿ ಒಂದು. ಗಾಜು ಒರೆಸುವುದು.' ಎರಡು ಸೋಮವಾರ ಕಿಟಕಿ ಹುಡುಕಿದರು. ಮೂರನೆಯ ಸೋಮವಾರ ಹೊಳೆಯಿತು. ಹಿಮದ ಬೆಟ್ಟ, ನೀಲಿ ಆಕಾಶ, ನಾಲ್ಕು ಗಾಜು, ನಡುವೆ ಅಡ್ಡಪಟ್ಟಿ: ಕಂಪ್ಯೂಟರು ದಾಕ್ಷಾಯಿಣಿಯ ಸೀನರಿಯನ್ನು ಕಿಟಕಿಯೆಂದು ಬರೆದುಕೊಂಡಿತ್ತು. ಹುಬ್ಬಳ್ಳಿಯ ಅಡುಗೆಮನೆಯ ಹೊರಗೆ ಹಿಮ ಏಕೆ ಬಿದ್ದಿದೆ ಎಂಬ ಸಂಶಯ ಅದಕ್ಕೆ ಬಂದಿರಲಿಲ್ಲ. ಚನ್ನಯ್ಯನವರು ಸುತ್ತ ನೋಡಿ, ಹೆಗಲ ಮೇಲಿನ ವಸ್ತ್ರದಿಂದ ಬೆಟ್ಟವನ್ನು ಒರೆಸಿ, 'ಆಯಿತು' ಎಂದು ಒತ್ತಿದರು.

"ಏನ ಮಾಡಾಕತ್ತೀರ್ರಿ ಅಯ್ಯನವರ?" ಎಂದಳು ಬಾಳವ್ವ.

"ಕಿಡಕಿ ಒರಸಾಕತ್ತೇನಿ."

ಬಾಳವ್ವ ಅಯ್ಯನವರಿಗೆ ವಯಸ್ಸಾಗುತ್ತಿದೆ ಎಂದು ಒಂದು ರೊಟ್ಟಿ ಹೆಚ್ಚಿಗೆ ಬಡಿದಳು.

ದೀಪಾವಳಿಗೆ ಹದಿನೈದು ದಿನವಿದ್ದಾಗ, ಒಂದು ಮುಂಜಾನೆ, ಪಶ್ಚಿಮದ ಗೋಡೆ ತನ್ನ ಸಹನೆಯನ್ನು ಬಿಟ್ಟಿತು. ಬುಟ್ಟಿ ತುಂಬುವಷ್ಟು ಗಿಲಾವು ಸೀನರಿಯ ಸಮೇತ ಕೆಳಗೆ ಬಂತು. ಗಾಜು ಪುಡಿಯಾಯಿತು. ಒಂದು ಹೆಂಟೆ ಹಿಟ್ಟಿನ ಪರಾತಕ್ಕೆ ಬಿತ್ತು, ಇನ್ನೊಂದು ಬಾಳವ್ವನ ಬಲಗೈ ಮಣಿಕಟ್ಟಿಗೆ. ಚನ್ನಯ್ಯನವರು ಓಡಿ ಬಂದಾಗ ಅವಳು ಕೈಗೆ ಹಸಿ ಅರಿವೆ ಸುತ್ತಿಕೊಂಡು, ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ದುಂಡಗೆ ಬರುತ್ತಿರಲಿಲ್ಲ.

"ದವಾಖಾನಿಗೆ ನಡಿಯವಾ."

"ಹುಡುಗರು ಉಂಡು ಸಾಲಿಗೆ ಹೋಗ್ಲಿ ತಡೀರಿ. ಮುರದಿಲ್ಲ, ಬಾತೈತಿ ಅಷ್ಟ."

ಅವಳು ಒಂದು ಮಾತು ಬೈದಿದ್ದರೂ ಚನ್ನಯ್ಯನವರಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಅವರಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ತಲೆಯ ಮೇಲೆ ಬಿದ್ದಿದ್ದರೆ ಎಂದುಕೊಂಡು ಅಲ್ಲಿಯೇ ಹಿಟ್ಟಿನ ಡಬ್ಬಿಯ ಮೇಲೆ ಕುಳಿತರು.

ಸೋಮವಾರ ಬಂದಾಗ ಅವರು ಆ ಗೋಡೆಗೆ ಏನನ್ನೂ ಕಟ್ಟಲಿಲ್ಲ. ಇಟ್ಟಿಗೆ ಕಾಣುವ ಒದ್ದೆ ಗೋಡೆಯ ಫೋಟೋವನ್ನು ಹಾಗೆಯೇ ಕಳಿಸಿದರು. ಹೋದರೆ ಹೋಗಲಿ ಮಾರ್ಕ್ಸು, ಯಂತ್ರ ತಾನೇ ಕಣ್ಣಾರೆ ನೋಡಿ ರಿಪೇರಿ ಬರೆಯಲಿ ಎಂದು ಅವರ ಎಣಿಕೆ. ಜೀವಮಾನದಲ್ಲಿ ಮೊದಲ ಸಲ ಸತ್ಯ ತೋರಿಸಿದ ಮನುಷ್ಯನಿಗೆ ಯಂತ್ರದಿಂದ ಅರ್ಧ ನಿಮಿಷದಲ್ಲಿ ಉತ್ತರ ಬಂತು: 'ಅಡುಗೆಮನೆಯ ಕಿಟಕಿ ಕಾಣೆಯಾಗಿದೆ. ಕಳುವಿನ ಸಂಶಯ. ಕಾರ್ಯದರ್ಶಿಯವರಿಗೆ ತಿಳಿಸಲಾಗಿದೆ.'

ಒಂದು ತಾಸಿನಲ್ಲಿ ಕುಮಾರಸ್ವಾಮಿಯವರ ಕಾರು ಬಾಗಿಲಿಗೆ ಬಂತು. ಅದಕ್ಕಿಂತ ಮೊದಲೇ ಸುದ್ದಿ ಓಣಿಗೆ ಬಂದಿತ್ತು. ಪ್ರಸಾದ ನಿಲಯದ ಕಿಟಕಿ ಕಳುವಾಗಿದೆ ಎಂದು ಜನ ಗುಂಪುಗೂಡಿ ಅವರವರ ಅನುಭವ ಹಂಚಿಕೊಳ್ಳುತ್ತಿದ್ದರು.

"ನಮ್ಮ ಮಾವನ ಹೊಲದಾಗ ಮೋಟರ ಒಯ್ದಿದ್ರು" ಎಂದನೊಬ್ಬ, "ಆದ್ರ ಬಾವಿ ಬಿಟ್ಟು ಹೋಗಿದ್ರಪಾ."

"ಕಿಡಕಿ ಒಯ್ದು ಏನ ಮಾಡ್ತಾರ?"

"ಗ್ವಾಡಿ ಇದ್ದವರಿಗೆ ಮಾರ್ತಾರ."

ಕುಮಾರಸ್ವಾಮಿಯವರು ಕೈಯಲ್ಲಿ ಟ್ಯಾಬ್ ಹಿಡಿದು, ಕರೆಸಿಕೊಂಡಿದ್ದ ಋತುಜಾಳ ಜೊತೆ ಅಡುಗೆಮನೆಗೆ ನುಗ್ಗಿದರು. ಟ್ಯಾಬಿನೊಳಗಿನ ಅಡುಗೆಮನೆಯಲ್ಲಿ ಪಶ್ಚಿಮಕ್ಕೆ ಚೆಂದದ ಕಿಟಕಿ. ಎದುರಿಗಿದ್ದ ಅಡುಗೆಮನೆಯಲ್ಲಿ ಇಟ್ಟಿಗೆಯ ಗೋಡೆ. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿ ಅವರು ಗೋಡೆಯನ್ನು ಬೆರಳಿನಿಂದ ತಟ್ಟಿದರು.

"ಕಳ್ಳ ಭಾರಿ ಹುಷಾರ ಅದಾನ. ಕಿಡಕಿ ತಗದು, ತೂತು ಕಾಣಬಾರದಂತ ಗ್ವಾಡಿ ಕಟ್ಟಿ ಹೋಗ್ಯಾನ."

"ಸಾವಕಾರ್ರ" ಎಂದ ಹಿಂದೆಯೇ ಬಂದಿದ್ದ ಅಸ್ಫಾಕ, "ಇಟ್ಟಂಗಿ ನಲವತ್ತು ವರ್ಷದ್ದು ಕಾಣತೈತ್ರಿ."

"ಹಳೇ ಇಟ್ಟಂಗಿ ತಂದಿರಬೇಕು, ಸಂಶಯ ಬರಬಾರದಂತ." ಕುಮಾರಸ್ವಾಮಿಯವರು ಸುತ್ತ ನೋಡಿದರು. "ಈ ಖೋಲಿ ಕೀಲಿ ಯಾರ ಕಡೆ ಇರತೈತಿ?"

ಕೀಲಿ ಬಾಳವ್ವನ ಸೊಂಟದಲ್ಲಿತ್ತು, ಎಲ್ಲರಿಗೂ ಕಾಣುತ್ತಿತ್ತು. ಅವಳು ಬಾತ ಕೈಯಿಂದಲೇ ಅದನ್ನು ಬಿಚ್ಚಿ, ಕಟ್ಟೆಯ ಮೇಲೆ ಇಟ್ಟಳು.

"ತಗೋರಿ ಸಾವಕಾರ್ರ. ಹತ್ತೊಂಬತ್ತು ವರ್ಷ ಆತು. ಇಲ್ಲಿಂದ ಒಂದು ಸೌಟ ಮನಿಗಿ ಒಯ್ದಿಲ್ಲ. ಕಿಡಕಿ ಒಯ್ಯೂದಿದ್ರ ನಾ ಇಷ್ಟು ವರ್ಷ ಹೊಗಿ ಯಾಕ ಕುಡೀತಿದ್ನಿ?"

ಶಾಲು, ಸಮಾರಂಭ, ಓಣಿಯ ಜನ ಎಲ್ಲ ಚನ್ನಯ್ಯನವರ ಕಣ್ಣ ಮುಂದೆ ಬಂದವು. ಆದರೂ ಎರಡು ಹೆಜ್ಜೆ ಮುಂದೆ ಬಂದು ಕೀಲಿಯನ್ನು ಎತ್ತಿ ಬಾಳವ್ವನ ಕೈಗೇ ಕೊಟ್ಟರು.

"ಕಿಡಕಿ ಇರಲೇ ಇಲ್ರಿ ಸಾವಕಾರ್ರ. ಅದು ನಮ್ಮ ಮನಿ ಸೀನರಿ. ಗ್ವಾಡಿ ಉಬ್ಬಿತ್ತು, ಮ್ಯಾಲೆ ತೂಗುಹಾಕಿದ್ನಿ."

"ಹಂಗಾದ್ರ ಕಂಪ್ಯೂಟರು ಸುಳ್ಳ ಹೇಳತೈತೇನು?"

"ಅದು ಸುಳ್ಳ ಹೇಳಿಲ್ರಿ. ನಾ ತೋರಿಸಿದ್ದು ನೋಡೈತಿ. ಸಿಲಿಂಡ್ರು ಅಸ್ಫಾಕಂದು. ಶರಣರ ಪಟದ ಹಿಂದ ಎಲ್ಲಾ ಬಿರಕು. ನಲ್ಲಿಗೆ ಹೂವಿನ ಮಾಲಿ ನಾನ ಸುತ್ತಿದ್ನಿ. ಈಕಿ ಕೈ ಬಾತದ್ದು ನನ್ನ ಸಲುವಾಗಿ."

ಕುಮಾರಸ್ವಾಮಿಯವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಅವರಿಗೂ ಶಾಲು ನೆನಪಾಗಿತ್ತು.

ಋತುಜಾ ಟ್ಯಾಬಿನ ಮೇಲೆ ಬೆರಳಾಡಿಸಿ ಹೇಳಿದಳು: "ಕಾಕಾ, ನಾ ಅವತ್ತ ಖರೇನ ಹೇಳಿದ್ದೆ, ಇದ್ದಂಗ ಇರಲಿ ಅಂತ."

"ಎಲ್ಲಾರೂ ಹಂಗ ಅಂತಾರಲ್ಲವಾ" ಎಂದರು ಚನ್ನಯ್ಯನವರು, ಅಳುವ ದನಿಯಲ್ಲಿ.

"ಈಗ ಕಿಡಕಿ ಇಲ್ಲಾ ಅಂತ ಬರಿಯೂದ ಹೆಂಗ?" ಎಂದು ಕುಮಾರಸ್ವಾಮಿಯವರು ಮೆಲ್ಲಗೆ ಕೇಳಿದರು.

"ಕಂಪ್ಯೂಟರಿನ ಮಾದರಿಯೊಳಗಿನ ಕಿಡಕಿ ತಗೀಬೇಕಂದ್ರ ಕಮಿಟಿ ಠರಾವು ಬೇಕ್ರಿ. ಮೂರು ಸಹಿ. ಕಾರಣ ಬರೀಬೇಕು, ಅದು ಎಲ್ಲಾರಿಗೂ ಕಾಣ್ತದ."

"ಮತ್ತ ಗ್ವಾಡ್ಯಾಗ ಕಿಡಕಿ ಕೂಡಸಬೇಕಂದ್ರ?"

"ಒಬ್ಬ ಗೌಂಡಿ ಸಾಕು."

ಅರಳೆಯ ಪೇಟೆಯಲ್ಲಿ ಮೂವತ್ತು ವರ್ಷ ಕಳೆದ ಮನುಷ್ಯನಿಗೆ ಯಾವುದು ಅಗ್ಗವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಮಾರಸ್ವಾಮಿಯವರು ಟ್ಯಾಬನ್ನು ಬಗಲಲ್ಲಿ ಇಟ್ಟುಕೊಂಡು, ಕಳುವಾದ ಕಿಟಕಿ ಪತ್ತೆಯಾಗಿದೆ, ಬುಧವಾರದೊಳಗೆ ಅದರ ಜಾಗದಲ್ಲಿ ಕೂಡಿಸಲಾಗುವುದು ಎಂದು ಹೊರಗಿನ ಜನಕ್ಕೆ ಗಂಭೀರವಾಗಿ ತಿಳಿಸಿದರು. ಹೋಗುವ ಮೊದಲು ಬಾಳವ್ವನ ಎದುರು ನಿಂತು, "ತಪ್ಪಾತವಾ" ಎಂದರು. ಅದನ್ನು ಮಾತ್ರ ಮೆಲ್ಲಗೆ ಹೇಳಿದರು.

ಬುಧವಾರ ಗೌಂಡಿ ಬಂದ. ಗೋಡೆಯನ್ನು ಒಡೆದು, ಒಳಗಿನ ತೂತು ಬಿದ್ದ ಪೈಪನ್ನು ಬದಲಿಸಿ, ಕಂಪ್ಯೂಟರು ಹೇಳಿದ ಅಳತೆಗೆ ಸರಿಯಾಗಿ ನಾಲ್ಕು ಗಾಜಿನ ಕಿಟಕಿ ಕೂಡಿಸಿದ. ಹಿಮದ ಬೆಟ್ಟ ಕಾಣಲಿಲ್ಲ. ಹಿಂದಿನ ಕಾರ್ಖಾನೆಯ ತಗಡಿನ ಛಾವಣಿ, ಒಂದು ಬೇವಿನ ಗಿಡ ಮತ್ತು ಬೇಕಾದಷ್ಟು ಬೆಳಕು ಕಂಡವು.

ಸೋಮವಾರ ಹತ್ತಕ್ಕೆ ಮೊಬೈಲು ಸದ್ದು ಮಾಡಿತು. ಚನ್ನಯ್ಯನವರು ಅಡುಗೆಮನೆಗೆ ಬಂದಾಗ ಬಾಳವ್ವ ಒಲೆ ಬಿಟ್ಟು ಕೋಣೆಯ ನಡುವೆ ನಿಂತಿದ್ದಳು. ಪಶ್ಚಿಮದ ಬೆಳಕು ಉಳಿದ ಮೂರು ಗೋಡೆಗಳ ಮೇಲೆ ಬಿದ್ದಿತ್ತು. ಹತ್ತೊಂಬತ್ತು ವರ್ಷದ ಮಸಿ, ಜೇಡರ ಬಲೆ, ಮೂಲೆಯಿಂದ ಮೂಲೆಗೆ ಹರಿದ ಬಿರುಕು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು.

"ಅಯ್ಯನವರ, ಇಷ್ಟೆಲ್ಲಾ ಐತಂತ ಗೊತ್ತ ಇರಲಿಲ್ರೀ. ಚಾದರ ತರ್ಲೇನು?"

"ಬ್ಯಾಡ."

ಅವರು ಮೂರೂ ಗೋಡೆಗಳ ಫೋಟೋ ತೆಗೆದರು. ಶರಣರ ಪಟಗಳನ್ನು ಕೈ ಮುಗಿದು ಇಳಿಸಿ ಬಿರುಕುಗಳ ಫೋಟೋ ತೆಗೆದರು. ನಲ್ಲಿ ಸೋರುವುದನ್ನು ಹತ್ತಿರದಿಂದ ತೆಗೆದರು. ಸಿಲಿಂಡರುಗಳಿದ್ದಲ್ಲಿ ಬರೀ ನೆಲದ ಫೋಟೋ ತೆಗೆದರು. ಕಳಿಸಿ, ಬಾಗಿಲಲ್ಲಿ ಕುಳಿತು ಕಾಯ್ದರು. ಉತ್ತರ ಬಂದಾಗ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು.

"ಎಷ್ಟ ಬಂದಾವ್ರಿ?" ಎಂದಳು ಬಾಳವ್ವ.

"ಮೂವತ್ತೆರಡು."

"ಅಯ್ಯ ಶಿವನ. ಅಷ್ಟರಾಗ ಪಾಸ್ ಆಗ್ತೈತೇನ್ರಿ?"

"ಪಾಸ್ ಆಗೂದು ಬ್ಯಾಡವಾ" ಎಂದರು ಚನ್ನಯ್ಯನವರು. "ರಿಪೇರಿ ಆಗ್ಲಿ."